ಭಾಷಾಪಾಠದಲ್ಲಿ ಕಿವಿಯ ಪಾಲು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಪಾಠಶಾಲೆಗಳಲ್ಲಿ ಭಾಷಾಪಾಠವು ನಡೆಯತಕ್ಕ ರೀತಿ ಬಹುಮಟ್ಟಿಗೆ ಒಂದೇ ಬಗೆಯದು. ಉಪಾಧ್ಯಾಯರು ಪಾಠವನ್ನು ಓದುತ್ತಾರೆ. ಕಠಿಣಪದಗಳ ಅರ್ಥವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ತಾವೇ ಹೇಳಿ ಬರೆಯಿಸುತ್ತಾರೆ. ಮಕ್ಕಳು ಅದನ್ನು ಮನೆಯಲ್ಲಿ ಉರುಹಚ್ಚಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಕಣ್ಣಿಗೆ ಕೆಲಸವುಂಟು, ಕೈಗೆ ಕೆಲಸವುಂಟು, ಜ್ಞಾಪಕಶಕ್ತಿಗಂತೂ ಕೈತುಂಬ ಕೆಲಸವುಂಟು. ಆದರೆ ಯಾವ ಇಂದ್ರಿಯದ ದ್ವಾರದಿಂದ ಭಾಷೆಯು ಮನುಷ್ಯನ ಮನಸ್ಸನ್ನು ಮೊಟ್ಟಮೊದಲು ಪ್ರವೇಶಿಸುವುದೋ ಆ ಕಿವಿಗೆ ಮಾತ್ರ ಯಾವ ಶಿಕ್ಷಣವೂ ಇಲ್ಲ. ಕಿವಿಯಿರುವುದು ಆಜ್ಞೆಗಳನ್ನು ಪಾಲಿಸುವುದಕ್ಕೆಂದೂ, ಹೇಳಿದ ಉತ್ತರವನ್ನು ಬರೆದುಕೊಳ್ಳುವುದಕ್ಕೆಂದೂ ತಿಳಿದುಕೊಂಡಂತಿದೆ. ಈ ಅನಾದರವು ಅಲ್ಪವಾದ ಲೋಪವಲ್ಲ. ಭಾಷಾಶಿಕ್ಷಣದ ಬುಡವನ್ನೇ ಕೊರೆಯುತ್ತಿರುವ ದೋಷ. ಇದರ ಫಲವನ್ನು ಉಣ್ಣುತ್ತಿರುವವರು ಮಕ್ಕಳು.

ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿನ ಸಂಪತ್ತು ವಿಚಾರಮಾಡತಕ್ಕದ್ದು. ಮಾತಿಗೆ ಕಿವಿಗೊಡುವುದೂ ಕೇಳುವುದೇ. ತಿಳಿಯದುದನ್ನು ಪ್ರಶ್ನಿಸುವುದೂ ಕೇಳುವುದೇ. ಹಿರಿಯರು ಹೇಳಿದಂತೆ ನಡೆಯುವುದೂ ಕೇಳುವುದೇ. ಆಲಿಸುವುದು, ಪ್ರಶ್ನಿಸುವುದು, ವಿಧೇಯವಾಗುವುದು ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ಭಾಷೆ ಇದು. ಪಾಠಶಾಲೆಯಾದರೋ ಮೂರನೆಯ ಅರ್ಥವೊಂದನ್ನೇ ಇಟ್ಟುಕೊಂಡು ಮೊದಲೆರಡನ್ನು ಬಾಗಿಲಾಚೆಗೆ ಕಳುಹಿಸಿದೆ. ‘ಮಾತು ಕೇಳುವ ಹುಡುಗ’ ಎಂದರೆ ಸದ್ದಿಲ್ಲದೆ ಕುಳಿತಿರುವವನು ಎಂದು ಅರ್ಥವಾಗಿ ಹೋಗಿದೆ. ಅವನು ನಿಜವಾಗಿ ಕೇಳಿದನೇ, ಕೇಳಿದ್ದು ಅವನಿಗೆ ತಿಳಿಯಿತೇ, ತಿಳಿಯದಿದ್ದಲ್ಲಿ ಮತ್ತೆ ಕೇಳುವ ಧೈರ್ಯ ಅವನಿಗೆ ಬಂದಿತೇ ಎಂದು ವಿಚಾರಿಸುವವರಿಲ್ಲ. ಸಂಸ್ಕೃತದಿಂದ ಬಂದ ‘ಶುಶ್ರೂಷೆ’ ಎಂಬ ಮಾತಿಗೂ ಇದೇ ಗತಿಯಾಗಿದೆ. ಕೇಳಬೇಕೆಂಬ ಇಚ್ಛೆಯೇ ಆ ಶಬ್ದದ ಮೊದಲ ಅರ್ಥ. ಗುರುವಿನ ಬಳಿ ಕೇಳಲು ಬಯಸಿ ಬಂದವನು ಸೇವೆಯನ್ನೂ ಮಾಡುತ್ತಿದ್ದನಾದುದರಿಂದ ಅದು ಕ್ರಮೇಣ ಸೇವೆಯೆಂಬ ಅರ್ಥಕ್ಕೆ ತಿರುಗಿತು. ಸೇವೆ ಉಳಿಯಿತು, ಕೇಳುವ ಇಚ್ಛೆ ಅಳಿಯಿತು.

ವಿದ್ವಾಂಸನನ್ನು ‘ಬಹುಶ್ರುತ’ನೆಂದು ಕರೆಯುತ್ತಿದ್ದ ದೇಶ ಇದು. ಬಹಳವಾಗಿ ಓದಿದವನೆಂದಲ್ಲ, ಬಹಳವಾಗಿ ಕೇಳಿದವನೆಂದು ಆ ಶಬ್ದದ ಅರ್ಥ. ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮವು ೧೯೨೦ರಲ್ಲಿ ಸ್ಥಾಪಿತವಾಗಿ ಮುಂದೆ ಹೊಳೆನರಸೀಪುರದಲ್ಲಿ ನೆಲೆಗೊಂಡ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಗ್ರಂಥಗಳನ್ನು ಓದಿದವರಿಗೆಲ್ಲ ಪರಿಚಿತವಾದದ್ದೇ. ಅಲ್ಲಿಯೂ ಮೊದಲನೆಯ ಮೆಟ್ಟಿಲು ಕೇಳುವುದೇ ಆಗಿದೆ. ಕನ್ನಡ ನಾಡಿನವರು ಪುಸ್ತಕವನ್ನು ಹಿಡಿದು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಹೊಗಳುವುದು ಕಿವಿಯ ವಿದ್ಯೆಯನ್ನಲ್ಲದೆ ಬೇರೆ ಯಾವುದನ್ನು? ಈ ಜಿಲ್ಲೆಯವರು ಹಲ್ಮಿಡಿಯ ಶಾಸನಕ್ಕಾಗಿ ಹೆಮ್ಮೆಪಡುತ್ತಾರೆ, ಪಡತಕ್ಕದ್ದೇ. ಆದರೆ ಐದನೆಯ ಶತಮಾನದಲ್ಲಿ ಆ ಕಲ್ಲಿನ ಮೇಲೆ ಅಕ್ಷರವು ಮೂಡುವುದಕ್ಕೆ ಮೊದಲು ಕನ್ನಡವು ಎಷ್ಟೋ ತಲೆಮಾರುಗಳ ಕಾಲ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ನಡೆದುಬಂದಿತ್ತೆಂಬುದನ್ನು ಮರೆಯಲಾಗದು.

ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳ ಹೆಸರು ಉಪಾಧ್ಯಾಯರ ಶಿಕ್ಷಣಗ್ರಂಥಗಳಲ್ಲಿ ತಪ್ಪದೆ ಬರುತ್ತದೆ. ಅವುಗಳಲ್ಲಿ ಆಲಿಸುವುದಕ್ಕೇ ಅಗ್ರಪೂಜೆ. ಆದರೆ ಪೂಜೆ ಮುನ್ನುಡಿಯಲ್ಲಿ ಮಾತ್ರ, ನೈವೇದ್ಯವೆಲ್ಲ ಬರವಣಿಗೆಗೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಬಹುವರ್ಷದ ಕ್ರಮದಲ್ಲಿ ಪ್ರಥಮ ಭಾಷೆಗೆ ನಿಗದಿಯಾದ ೧೨೫ ಅಂಕಗಳಲ್ಲಿ ೧೦೦ ಅಂಕಗಳು ಲಿಖಿತ ಪರೀಕ್ಷೆಗೆ ಸಂದವು. ಉಳಿದ ೨೫ ಅಂಕಗಳು ಪಾಠಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಕಿವಿಯನ್ನು ಪರೀಕ್ಷಿಸತಕ್ಕ ಪ್ರಶ್ನೆ ಆ ನೂರರಲ್ಲಿ ಒಂದೂ ಇಲ್ಲ. ಪರೀಕ್ಷೆಯಲ್ಲಿ ಇಲ್ಲದ್ದು ಪಾಠದಲ್ಲಿಯೂ ಇರುವುದಿಲ್ಲವೆಂಬುದು ಈ ದೇಶದಲ್ಲಿ ಯಾರಿಗೂ ವಿವರಿಸಿ ಹೇಳಬೇಕಾದ ಮಾತಲ್ಲ. ೧೯೨೬ರಲ್ಲಿ ಅಮೆರಿಕಾ ದೇಶದ ಪಾಲ್ ರ್‍ಯಾಂಕಿನ್ ಎಂಬ ಶಿಕ್ಷಣತಜ್ಞರು ಜನರು ಭಾಷಾವ್ಯವಹಾರದಲ್ಲಿ ಕಳೆಯುವ ಹೊತ್ತನ್ನು ಲೆಕ್ಕಹಾಕಿ ನೋಡಿದರು. ಅದರಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಕ್ಕಿದ ಹೊತ್ತು ಕೇಳುವುದರಲ್ಲಿಯೇ ಕಳೆಯುವುದೆಂದೂ, ಬರವಣಿಗೆಗೆ ಸಲ್ಲುವ ಪಾಲು ಎಲ್ಲಕ್ಕಿಂತ ಕಡಮೆಯೆಂದೂ ಕಂಡುಬಂದಿತು. ಬದುಕಿನಲ್ಲಿ ಅತ್ಯಧಿಕವಾಗಿ ಬೇಕಾದುದಕ್ಕೆ ಪಾಠಶಾಲೆಯಲ್ಲಿ ಅತ್ಯಲ್ಪವಾದ ಸ್ಥಳ. ಈ ವಿಪರೀತವನ್ನು ಯಾವ ನ್ಯಾಯದಿಂದ ಸಮರ್ಥಿಸಬಹುದು?

ಕಿವಿಗೆ ಪಾಠವೇಕೆ ಬೇಕು, ಶಬ್ದವು ತಾನಾಗಿ ಒಳಗೆ ಹೋಗುವುದಿಲ್ಲವೆ, ಎಂದು ಕೆಲವರು ಹೇಳುವುದುಂಟು. ಶಬ್ದ ಹೋಗುತ್ತದೆ, ಅರ್ಥ ಹೋಗುವುದಿಲ್ಲ. ಬರೆದ ಸಾಲಿನಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪು ಇರುತ್ತದೆ. ಆಡಿದ ಮಾತಿನಲ್ಲಿ ಅಂತಹ ತೆರಪು ಇಲ್ಲ; ಪ್ರವಾಹದಂತೆ ಬರುವ ಧ್ವನಿಯನ್ನು ಕೇಳುವವನೇ ಕತ್ತರಿಸಿ ಪದಗಳನ್ನಾಗಿ ಮಾಡಿಕೊಳ್ಳಬೇಕು. ‘ಅವರೂರಲ್ಲಿಲ್ಲ’ ಎಂದು ಒಬ್ಬರು ಹೇಳಿದರೆ, ‘ಅವರು ಊರಲ್ಲಿ ಇಲ್ಲ’ ಎಂದೋ ‘ಅವರ ಊರಲ್ಲಿ ಇಲ್ಲ’ ಎಂದೋ ನಿಶ್ಚಯಿಸಬೇಕಾದದ್ದು ಕಿವಿಯೂ ಬುದ್ಧಿಯೂ ಕೂಡಿ ಕ್ಷಣಾರ್ಧದಲ್ಲಿ ಮಾಡತಕ್ಕ ಕೆಲಸ. ಪುಸ್ತಕದಲ್ಲಾದರೆ ಮೇಲಿನ ಸಾಲಿಗೆ ಹಿಂದಿರುಗಿ ನೋಡಬಹುದು. ಆಡಿದ ಮಾತು ಗಾಳಿಗೆ ಹೋಯಿತು. ಇಂತಹ ಶ್ರಮದ ಕೆಲಸವು ತಾನಾಗಿ ಬರುವುದೆಂದು ಹೇಳುವವರು ಪರಭಾಷೆಯೊಂದನ್ನು ಕಿವಿಯಿಂದ ಹಿಡಿಯುವ ಕಷ್ಟವನ್ನು ಅನುಭವಿಸದವರೇ ಇರಬೇಕು.

ಕನ್ನಡವನ್ನು ಹೊಸದಾಗಿ ಕಲಿಯತಕ್ಕವರ ಕಷ್ಟವನ್ನು ನೋಡೋಣವಾಗಲಿ. ಹ್ರಸ್ವಕ್ಕೂ ದೀರ್ಘಕ್ಕೂ ಇರುವ ಭೇದದಿಂದ ಬಳೆ ಬಾಳೆಯಾಗುತ್ತದೆ. ಒತ್ತಿನ ಭೇದದಿಂದ ಕತೆ ಕತ್ತೆಯಾಗುತ್ತದೆ, ಬಳಿ ಬಳ್ಳಿಯಾಗುತ್ತದೆ. ನಾಲಗೆಯ ತುದಿ ಸ್ವಲ್ಪ ಮಡಿಸಿದ ಮಾತ್ರಕ್ಕೆ ಹಾಲು ಹಾಳಾಗುತ್ತದೆ. ಹಾಸನದ ಆಲೂಗಡ್ಡೆಯ ಮಾರುಕಟ್ಟೆಯಲ್ಲಿಯೋ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿಯೋ ನಿಂತವನಿಗೆ ‘ಬೆಳೆ ಹೇಗಿದೆ’ ಎಂಬುದು ಒಂದು ಪ್ರಶ್ನೆ, ‘ಬೆಲೆ ಹೇಗಿದೆ’ ಎಂಬುದು ಮತ್ತೊಂದು. ಈ ಎರಡನ್ನೂ ಬರೆದು ತೋರಿಸಿದರೆ ಯಾವ ವಿದ್ಯಾರ್ಥಿಯೂ ಭೇದವನ್ನು ಹೇಳಿಯಾನು. ಆಡಿ ತೋರಿಸಿದಾಗ ಹೇಳಬಲ್ಲನೇ? ಅದನ್ನು ಯಾರೂ ಪರೀಕ್ಷಿಸಿ ನೋಡಿಲ್ಲ. ಅಭ್ಯಾಸ ಮಾಡಿಸುವ ಮಾತಂತೂ ದೂರವೇ ಉಳಿಯಿತು.

ಇಷ್ಟರ ಮೇಲೆ ಪುಸ್ತಕದ ಕನ್ನಡವೇ ಬೇರೆ, ಬಾಯಿಯ ಕನ್ನಡವೇ ಬೇರೆ. ‘ಹೋಗುತ್ತೇನೆ, ಬರುತ್ತೇನೆ’ ಎಂದು ಪುಸ್ತಕದಲ್ಲಿ ಕಲಿತವನು ಸಂತೆಯಲ್ಲಿ ‘ವೋಯ್ತೀನಿ, ಬತ್ತೀನಿ’ ಎಂಬುದನ್ನು ಕೇಳಿ ಕಂಗೆಡುತ್ತಾನೆ. ಹಕಾರವು ಈ ಸೀಮೆಯ ಹಳ್ಳಿಗರ ಬಾಯಲ್ಲಿ ಲೋಪವಾಗಿ ಹಕ್ಕಿಯೂ ಅಕ್ಕಿಯೂ ಒಂದೇ ಆಗುವುದುಂಟು, ಹಾಸನವೇ ‘ಆಸ್ನ’ವಾಗುವುದುಂಟು. ಇದು ಅಶುದ್ಧವೆಂದು ಮೂಗು ಮುರಿಯುವುದು ಸುಲಭ. ಆದರೆ ಹೇಮಾವತಿಯ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು (೧೯೦೪-೧೯೯೧) ಈ ಮಾತಿಗೆ ಪ್ರೀತಿಯಿಂದ ಕಿವಿಗೊಟ್ಟುದರಿಂದಲೇ ಅವರ ‘ಹಳ್ಳಿಯ ಚಿತ್ರಗಳು’ ಕನ್ನಡಕ್ಕೆ ದೊರಕಿದವು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದ (೧೯೭೦) ಪಾತ್ರಗಳು ಜೀವತಳೆದು ಮಾತನಾಡುವುದೂ ಆ ಸೀಮೆಯ ನುಡಿ ಗ್ರಂಥಕರ್ತರ ಕಿವಿಯಲ್ಲಿ ನಿಂತಿದ್ದುದರಿಂದಲೇ. ಸಾಹಿತ್ಯವು ಆದರಿಸಿದ ಮಾತನ್ನು ಪಾಠಶಾಲೆಯು ಅನಾದರಿಸುವುದು ಯಾವ ನ್ಯಾಯ? ಶುದ್ಧವಾಗಿ ಬರೆಯುವುದನ್ನು ಕಲಿಸಲಿ, ಬೇಡವೆನ್ನುವವರಾರು? ಜನರು ಆಡುವುದನ್ನು ತಿಳಿಯುವಂತೆಯೂ ಕಲಿಸಲಿ.

ಇದರಿಂದ ಆಗುತ್ತಿರುವ ಹಾನಿಯನ್ನು ಮೂರು ಬಗೆಯ ಕಲಿಯುವವರಲ್ಲಿ ಕಾಣಬಹುದು. ಮೊದಲನೆಯವನು ಹಳ್ಳಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿ. ೨೦೦೭-೦೮ರಿಂದ ಕರ್ನಾಟಕದ ಸರ್ಕಾರಿ ಪಾಠಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲೀಷನ್ನು ಒಂದು ವಿಷಯವಾಗಿ ಇಡಲಾಗಿದೆ. ಹಾಗೆ ಹತ್ತು ವರ್ಷ ಕಲಿತು, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೂ ಪಡೆದು, ಅವನು ವಿಜ್ಞಾನವನ್ನು ಓದಲು ಹಾಸನದ ಕಾಲೇಜಿಗೆ ಬರುತ್ತಾನೆ. ಪುಸ್ತಕವನ್ನು ಕೊಟ್ಟರೆ ನಿಘಂಟಿನ ಸಹಾಯದಿಂದ ಹೇಗೋ ಓದಿಯಾನು. ಅಧ್ಯಾಪಕರ ಉಪನ್ಯಾಸ ಮಾತ್ರ ಅವನ ತಲೆಯ ಮೇಲೆ ಹಾದುಹೋಗುತ್ತದೆ. ‘ವಾಟ್ ಆರ್’ ಎಂಬ ಎರಡು ಮಾತುಗಳು ವೇಗದಲ್ಲಿ ಕೂಡಿಬಂದಾಗ ಅವನ ಕಿವಿಗೆ ‘ವಾಟರ್’ ಎಂದು ಬೀಳುತ್ತದೆ. ಪ್ರಶ್ನೆಯು ನೀರನ್ನು ಕುರಿತದ್ದೆಂದು ಅವನು ತಿಳಿಯುತ್ತಾನೆ. ಆ ಎರಡು ಮಾತುಗಳೂ ಅವನಿಗೆ ಗೊತ್ತಿಲ್ಲದವಲ್ಲ; ಬರೆದು ತೋರಿಸಿದರೆ ನಗುತ್ತ ಹೇಳಿಯಾನು. ಕಣ್ಣಿಗೆ ಪರಿಚಿತವಾದ ಪದವು ಕಿವಿಗೆ ಅಪರಿಚಿತವಾಗಿ ಉಳಿದಿದೆ, ಅಷ್ಟೆ. ಆದರೆ ಹುಡುಗನು ಹಾಗೆಂದು ತಿಳಿಯುವುದಿಲ್ಲ. ತನಗೆ ಬುದ್ಧಿ ಸಾಲದೆಂದು ತಿಳಿಯುತ್ತಾನೆ. ಹಿಂದಿನ ಬೆಂಚಿಗೆ ಸರಿಯುತ್ತಾನೆ. ಕೆಲವರು ಓದನ್ನೇ ಬಿಡುತ್ತಾರೆ. ಶಿಕ್ಷಣಕ್ರಮದ ಅಪರಾಧಕ್ಕೆ ಮಗುವಿನ ಬುದ್ಧಿಗೆ ದಂಡ.

ಎರಡನೆಯದಾಗಿ, ಮನೆಯಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ ಮೊದಲಾದ ಭಾಷೆಗಳನ್ನಾಡುವ ಮಕ್ಕಳು. ೨೦೧೫ರ ಕನ್ನಡ ಭಾಷಾ ಕಲಿಕೆಯ ಅಧಿನಿಯಮದಂತೆ ರಾಜ್ಯದ ಪಾಠಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸತಕ್ಕದ್ದೆಂದು ವಿಧಿಯಾಯಿತು. ಉದ್ದೇಶವು ಸಾಧುವಾದದ್ದು. ಆದರೆ ಕನ್ನಡವನ್ನು ಕೇಳಿಯೇ ಅರಿಯದ ಮಗುವಿಗೆ ಮೊದಲ ದಿನವೇ ಅಕ್ಷರಮಾಲೆಯನ್ನು ತಿದ್ದಿಸಿ, ಕಾಗುಣಿತವನ್ನು ಬಾಯಿಪಾಠ ಮಾಡಿಸಿದರೆ ಆ ಮಗುವಿಗೆ ಬರುವುದು ಕನ್ನಡದ ಲಿಪಿ, ಕನ್ನಡವಲ್ಲ. ಭಾಷೆಯ ಬದಲು ಚಿತ್ರಗಳನ್ನು ಬರೆಯುವುದನ್ನು ಅದು ಕಲಿಯುತ್ತದೆ. ಆ ಚಿತ್ರಗಳನ್ನು ದ್ವೇಷಿಸುವುದನ್ನೂ ಕಲಿಯುತ್ತದೆ. ಕಾನೂನಿನಿಂದ ಕನ್ನಡವನ್ನು ಗೆಲ್ಲಿಸಿ ತರಗತಿಯಲ್ಲಿ ಸೋಲಿಸಿದಂತಾಗುವುದಿಲ್ಲವೆ?

ಮೂರನೆಯದಾಗಿ, ಹೊರಗಿನಿಂದ ಬಂದು ಈ ಜಿಲ್ಲೆಯಲ್ಲಿ ವೈದ್ಯವಿದ್ಯೆಯನ್ನು ಕಲಿಯುವವರು. ೨೦೧೯ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ಪ್ರಾರಂಭದ ಪಾಠಗಳಲ್ಲಿಯೇ ಸ್ಥಳೀಯ ಭಾಷೆಗೂ ಅವಕಾಶವನ್ನು ಕಲ್ಪಿಸಿತು. ಇಲ್ಲಿ ವೈದ್ಯನಾಗುವವನಿಗೆ ಕನ್ನಡದಲ್ಲಿ ಪ್ರಬಂಧವನ್ನು ಬರೆಯಬೇಕಾದ ಪ್ರಸಂಗ ಬರುವುದೇ ಇಲ್ಲ. ಅರಕಲಗೂಡಿನ ಕಡೆಯ ಮುದುಕಿಯೊಬ್ಬಳು ‘ಹೊಟ್ಟೆ ತೊಳಸ್ತದೆ’ ಎಂದಾಗ ಒಂದು, ‘ಹೊಟ್ಟೆ ನುಲೀತದೆ’ ಎಂದಾಗ ಮತ್ತೊಂದು, ‘ಹೊಟ್ಟೆ ಉಬ್ಬರ’ ಎಂದಾಗ ಇನ್ನೊಂದು ಎಂದು ತಿಳಿಯುವ ಕಿವಿ ಬೇಕು. ಮೂರನ್ನೂ ‘ಹೊಟ್ಟೆನೋವು’ ಎಂದು ಬರೆದುಕೊಂಡರೆ ಔಷಧ ತಪ್ಪೀತು. ಇಲ್ಲಿ ಕೇಳುವ ವಿದ್ಯೆಯು ಅಲಂಕಾರವಲ್ಲ, ಪ್ರಾಣದ ಪ್ರಶ್ನೆ.

ಈ ವಿಷಯದಲ್ಲಿ ಎತ್ತಲಾಗುವ ಪೂರ್ವಪಕ್ಷಗಳು ಕೆಲವುಂಟು, ಒಂದೊಂದನ್ನೇ ಪರಿಶೀಲಿಸತಕ್ಕದ್ದು.

ತಾಯ್ನುಡಿಯನ್ನು ಮಗುವು ಉಪಾಧ್ಯಾಯರಿಲ್ಲದೆಯೇ ಕೇಳಿ ಕಲಿಯುವುದಿಲ್ಲವೆ, ಎರಡನೆಯ ಭಾಷೆಯೂ ಹಾಗೆಯೇ ಬಂದೀತು ಎಂಬುದು ಮೊದಲನೆಯದು. ಮಗುವು ತಾಯಿಯ ಮಡಿಲಲ್ಲಿ ಸಾವಿರಾರು ಗಂಟೆಗಳ ಕಾಲ ಕೇಳಿ ಕಲಿಯುತ್ತದೆ. ತಾಯಿಯು ಮಗುವಿನ ಮುಖವನ್ನು ನೋಡಿ ಮಾತನಾಡುತ್ತಾಳೆ. ತಿಳಿಯಲಿಲ್ಲವೆಂದು ಕಂಡರೆ ಮತ್ತೆ ಹೇಳುತ್ತಾಳೆ, ನಿಧಾನವಾಗಿ ಹೇಳುತ್ತಾಳೆ, ವಸ್ತುವನ್ನು ತೋರಿಸಿ ಹೇಳುತ್ತಾಳೆ. ಪಾಠಶಾಲೆಯಲ್ಲಿ ದೊರಕುವುದು ದಿನಕ್ಕೊಂದು ಪಿರಿಯಡ್ಡು. ಅದರಲ್ಲಿಯೂ ಇಂಗ್ಲೀಷಿನ ಪಾಠವನ್ನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳುವ ಪದ್ಧತಿಯಿರುವಲ್ಲಿ ಇಂಗ್ಲೀಷು ಕಿವಿಗೆ ಬೀಳುವುದು ಹತ್ತು ನಿಮಿಷವೋ ಏನೋ. ತಾಯಿ ಮಾಡಿದುದನ್ನು ಮಾಡದೆ ತಾಯಿಗೆ ದೊರೆತ ಫಲವನ್ನು ಬಯಸುವುದು ಬಿತ್ತದೆ ಬೆಳೆಯನ್ನು ಬಯಸಿದಂತೆ.

ಪೂರ್ವದ ಕೂಲಿಮಠಗಳಲ್ಲಿ ಎಲ್ಲವೂ ಬಾಯಿಪಾಠವೇ ಆಗಿತ್ತು, ಆ ಕುರುಡು ಪದ್ಧತಿಗೆ ಮರಳಬೇಕೇ ಎಂಬುದು ಎರಡನೆಯದು. ಬಾಯಿಪಾಠವನ್ನು ಶ್ರವಣಶಿಕ್ಷಣವೆಂದು ತಿಳಿಯುವುದೇ ತಪ್ಪು. ನಲವತ್ತು ಮಕ್ಕಳು ಏಕಕಂಠದಿಂದ ಕೂಗುವಾಗ ಕೆಲಸ ಮಾಡುವುದು ಗಂಟಲು. ಯಾರೂ ಯಾರದನ್ನೂ ಕೇಳುತ್ತಿರುವುದಿಲ್ಲ. ನಿಜವಾದ ಶ್ರವಣಶಿಕ್ಷಣ ಹೇಗಿರುವುದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣಕ್ಕೆ ಹೋದರೆ ಸಾಕು. ಆರ್. ಕೆ. ಶ್ರೀಕಂಠನ್ (೧೯೨೦-೨೦೧೪), ರುದ್ರಪಟ್ಟಣ ಸಹೋದರರೆಂದು ಖ್ಯಾತರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್. ಕೆ. ಪದ್ಮನಾಭ ಮೊದಲಾದ ಸಂಗೀತವಿದ್ವಾಂಸರನ್ನು ನಾಡಿಗೆ ಕೊಟ್ಟ ಊರು ಅದು. ಗುರುವು ಹಾಡುತ್ತಾನೆ, ಶಿಷ್ಯನು ಕೇಳುತ್ತಾನೆ, ಹಾಡುತ್ತಾನೆ. ಗುರುವು ಶಿಷ್ಯನದನ್ನು ಕೇಳುತ್ತಾನೆ, ಕೂದಲೆಳೆಯಷ್ಟು ಭೇದವಾದರೂ ತಡೆದು ಮತ್ತೆ ಹಾಡುತ್ತಾನೆ. ಇಬ್ಬರ ಕಿವಿಯೂ ಎಚ್ಚರವಾಗಿರುತ್ತದೆ. ಪುಸ್ತಕದಲ್ಲಿ ಸ್ವರಲಿಪಿ ಇದ್ದರೂ ಅದನ್ನು ಮಾತ್ರ ನಂಬಿ ಸಂಗೀತವನ್ನು ಕಲಿಯಬಹುದೆಂದು ಆ ಊರಿನಲ್ಲಿ ಯಾರೂ ಹೇಳಲಾರರು. ಅದೇ ಸೀಮೆಯ ಸಂಕೇತಿಗಳ ಮನೆಮಾತನ್ನು ನೋಡಿ: ತಮಿಳಿನ ಮೂಲದಿಂದ ಬಂದು, ಕನ್ನಡ ಮಲೆಯಾಳಗಳ ಸೋಂಕನ್ನೂ ಪಡೆದಿರುವ ಆ ನುಡಿಗೆ ಸ್ವಂತ ಲಿಪಿಯಿಲ್ಲ, ಪಠ್ಯಪುಸ್ತಕವಿಲ್ಲ, ಪರೀಕ್ಷೆಯೂ ಇಲ್ಲ. ಆದರೂ ಶತಮಾನಗಳಿಂದ ಕಿವಿಯ ಬಲದಿಂದಲೇ ಬದುಕಿ ಬಂದಿದೆ. ಅಕ್ಷರವನ್ನರಿಯದ ರೈತರು ಮೇಷ್ಟ್ರ ಹಾರ್ಮೋನಿಯಮ್ಮಿನ ಮುಂದೆ ಕುಳಿತು, ಕೇಳಿ ಕೇಳಿ, ಇಡೀ ರಾತ್ರಿಯ ‘ಕುರುಕ್ಷೇತ್ರ’ ನಾಟಕದ ಮಾತನ್ನೂ ಪದ್ಯವನ್ನೂ ಕಲಿತು ಆಡುವುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕಿವಿಯ ಶಕ್ತಿ ಈ ಜನರಲ್ಲಿ ಉಂಟು. ಪಾಠಶಾಲೆಗೆ ಅದರ ಉಪಯೋಗ ಗೊತ್ತಿಲ್ಲ.

ತರಗತಿಗಳು ದೊಡ್ಡವು, ಉಪಕರಣಗಳಿಲ್ಲ, ಬಡ ಪಾಠಶಾಲೆಗಳಲ್ಲಿ ಇದು ಸಾಧ್ಯವಿಲ್ಲವೆಂಬುದು ಮೂರನೆಯದು. ಇದಕ್ಕೆ ಉತ್ತರ ಬೆಂಗಳೂರಿನಲ್ಲಿಯೇ ದೊರಕಿದೆ. ಅಲ್ಲಿಯ ಪ್ರಾದೇಶಿಕ ಇಂಗ್ಲೀಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರ ವರೆಗೆ ದಕ್ಷಿಣದೇಶದ ಕೆಲವು ಸಾಮಾನ್ಯ ಪಾಠಶಾಲೆಗಳಲ್ಲಿ ನಡೆಸಿದ ಪ್ರಯೋಗವು ‘ಬೆಂಗಳೂರು ಯೋಜನೆ’ಯೆಂದು ಹೊರದೇಶಗಳ ವಿದ್ವಾಂಸರಲ್ಲಿಯೂ ಹೆಸರಾಯಿತು. ವ್ಯಾಕರಣಸೂತ್ರಗಳನ್ನು ಹೇಳುವ ಬದಲು ಉಪಾಧ್ಯಾಯರು ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು, ಇಂಗ್ಲೀಷಿನಲ್ಲಿಯೇ ಮಾತನಾಡುತ್ತ ಮಕ್ಕಳಿಂದ ಸಮಸ್ಯೆಗಳನ್ನು ಬಿಡಿಸಿದರು. ಮಕ್ಕಳು ತಕ್ಷಣವೇ ಮಾತನಾಡಬೇಕೆಂಬ ಬಲಾತ್ಕಾರವಿರಲಿಲ್ಲ. ತಿಳಿಯುವುದು ಮೊದಲು, ಆಡುವುದು ಆಮೇಲೆ. ಕರಿಹಲಗೆ, ಕಾಗದ, ಉಪಾಧ್ಯಾಯರ ಧ್ವನಿ ಇಷ್ಟೇ ಮುಖ್ಯ ಸಾಮಗ್ರಿ. ತಮ್ಮ ವಿಚಾರಗಳನ್ನು ಪ್ರಭು ಅವರು ೧೯೮೭ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಲೋಕದ ಶಿಕ್ಷಣಶಾಸ್ತ್ರಜ್ಞರು ಚರ್ಚಿಸಿದ ಈ ಪ್ರಯೋಗವು ಹಾಸನದ ತರಗತಿಗಳಲ್ಲಿ ಹೆಜ್ಜೆಗುರುತನ್ನು ಬಿಡದೆ ಹೋದದ್ದು ವಿಷಾದದ ಸಂಗತಿ.

ಈಗಿನ ಮಕ್ಕಳು ಮೊಬೈಲಿನಲ್ಲಿಯೂ ಟೀವಿಯಲ್ಲಿಯೂ ಬೇಕಾದಷ್ಟು ಇಂಗ್ಲೀಷನ್ನು ಕೇಳುತ್ತಾರೆ, ಪಾಠಶಾಲೆಯದೇನು ಎಂಬುದು ನಾಲ್ಕನೆಯದು. ಶಬ್ದವು ಕಿವಿಯ ಮೇಲೆ ಬಿದ್ದ ಮಾತ್ರಕ್ಕೆ ಕೇಳುವುದಾಗದು. ಚಿತ್ರವನ್ನು ನೋಡಿ ಕಥೆಯನ್ನು ಊಹಿಸುವ ಮಗುವು ಮಾತನ್ನು ಬಿಟ್ಟೇಬಿಡುತ್ತದೆ. ಮೊಬೈಲನ್ನು ‘ತಿಳಿಯಲಿಲ್ಲ, ನಿಧಾನವಾಗಿ ಹೇಳು’ ಎಂದು ಅದು ಕೇಳುವ ಹಾಗೂ ಇಲ್ಲ. ಅನುಕೂಲವುಳ್ಳ ಕೆಲವು ಪಾಠಶಾಲೆಗಳಲ್ಲಿ ಧ್ವನಿಮುದ್ರಿಕೆಯನ್ನು ಕೇಳಿಸಿ, ಹತ್ತು ಪ್ರಶ್ನೆಗಳನ್ನು ಕೇಳಿ, ಸರಿ ತಪ್ಪುಗಳಿಗೆ ಅಂಕವಿಟ್ಟು ಮುಗಿಸುತ್ತಾರೆ. ಇದು ಪರೀಕ್ಷೆಯೇ ಹೊರತು ಪಾಠವಲ್ಲ. ತಪ್ಪು ಉತ್ತರ ಹೇಳಿದ ಮಗುವಿಗೆ ಎಲ್ಲಿ ತಪ್ಪಿತು, ಯಾವ ಪದವು ಕಿವಿಯಿಂದ ಜಾರಿತು, ಯಾವ ಎರಡು ಪದಗಳು ಒಂದಾಗಿ ಕೇಳಿದವು ಎಂದು ತೋರಿಸಿ, ಅದೇ ತುಣುಕನ್ನು ಮತ್ತೆ ಕೇಳಿಸಿದಾಗಲೇ ಅದು ಪಾಠವಾಗುವುದು. ಆಲಿಸುವುದನ್ನು ಪರೀಕ್ಷಿಸುತ್ತಾರೆಯೇ ಹೊರತು ಕಲಿಸುವುದಿಲ್ಲವೆಂಬ ಈ ಆಕ್ಷೇಪಣೆಯನ್ನೇ ಇಂಗ್ಲೆಂಡಿನ ಜಾನ್ ಫೀಲ್ಡ್ ಎಂಬವರು ೨೦೦೮ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ.

ಯಂತ್ರವನ್ನು ದೂರತಕ್ಕದ್ದಿಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನಲ್ಲಿ ಪ್ರಸಾರಕೇಂದ್ರವನ್ನು ತೆರೆದು ಅದಕ್ಕೆ ‘ಆಕಾಶವಾಣಿ’ಯೆಂಬ ಹೆಸರನ್ನಿಟ್ಟುದು ಕನ್ನಡಿಗರ ಕೀರ್ತಿ, ಆ ಹೆಸರೇ ಮುಂದೆ ದೇಶಕ್ಕೆಲ್ಲ ಸಂದಿತು. ಹಾಸನದಲ್ಲಿಯೂ ಆಕಾಶವಾಣಿಯ ಕೇಂದ್ರವಿದೆ. ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ ಎಂಬ ಹೆಸರಿನ ಪಾಠಗಳು ರಾಜ್ಯದ ಮಕ್ಕಳಿಗಾಗಿ ರೇಡಿಯೋವಿನಲ್ಲಿ ಪ್ರಸಾರವಾದವು. ಪ್ರಸಾರಕ್ಕೆ ಮೊದಲು ಮಕ್ಕಳ ಮನಸ್ಸನ್ನು ಹದಗೊಳಿಸಿ, ಮುಗಿದ ಮೇಲೆ ಅವರೊಡನೆ ಮಾತನಾಡುವ ಉಪಾಧ್ಯಾಯರಿದ್ದಲ್ಲಿ ರೇಡಿಯೋ ಒಳ್ಳೆಯ ಸಹಾಯಕ. ಗುಂಡಿಯನ್ನು ತಿರುಗಿಸಿ ಉಪಾಧ್ಯಾಯರು ಹೊರಗೆ ಹೋದಲ್ಲಿ ಅದು ಬರಿಯ ಗದ್ದಲ.

ಅಂಕವಿಲ್ಲದೆ ಯಾರೂ ಕಲಿಸರು, ಕಿವಿಗೆ ಅಂಕವನ್ನು ಕೊಡುವುದು ಹೇಗೆ ಎಂಬುದು ಕೊನೆಯದು. ಹೊರದೇಶಕ್ಕೆ ಓದಲು ಹೋಗುವವರು ಬರೆಯತಕ್ಕ ಐಇಎಲ್‌ಟಿಎಸ್ ಎಂಬ ಇಂಗ್ಲೀಷ್ ಪರೀಕ್ಷೆಯನ್ನು ವಿದ್ಯಾವಂತರ ಮನೆಗಳಲ್ಲಿ ತಿಳಿಯದವರಿಲ್ಲ. ಅದರ ನಾಲ್ಕು ಭಾಗಗಳಲ್ಲಿ ಒಂದು ಕೇಳುವುದಕ್ಕೇ ಮೀಸಲು; ೪೦ ಪ್ರಶ್ನೆಗಳು; ಓದು ಬರಹಗಳಿಗಿರುವಷ್ಟೇ ತೂಕ. ಲೋಕದಾದ್ಯಂತ ನಡೆಯುವ ಪರೀಕ್ಷೆಯಲ್ಲಿ ಸಾಧ್ಯವಾದದ್ದು ಒಂದು ರಾಜ್ಯದ ಪರೀಕ್ಷೆಯಲ್ಲಿ ಅಸಾಧ್ಯವೆಂದರೆ ನಂಬುವವರಾರು? ಹಾಸನದ ತಂದೆತಾಯಿಗಳು ಮಕ್ಕಳನ್ನು ಬೆಂಗಳೂರಿಗೆ ಕಳುಹಿಸಿ, ಪಾಠಶಾಲೆಯಲ್ಲಿಯೇ ಉಚಿತವಾಗಿ ದೊರಕಬೇಕಾಗಿದ್ದ ವಿದ್ಯೆಗೆ ಸಾವಿರಾರು ರೂಪಾಯಿಗಳನ್ನು ತೆರುತ್ತಿದ್ದಾರೆ. ತೆರಲಾರದವರ ಮಕ್ಕಳ ಪಾಡೇನು?

ಹಾಗಾದರೆ ಮಾಡತಕ್ಕದ್ದೇನು? ದಿನಕ್ಕೆ ಹದಿನೈದು ನಿಮಿಷ ಪುಸ್ತಕಗಳನ್ನು ಮುಚ್ಚಿಸತಕ್ಕದ್ದು. ಉಪಾಧ್ಯಾಯರು ಒಂದು ಸಣ್ಣ ಕಥೆಯನ್ನೋ ವಾರ್ತೆಯನ್ನೋ ಆಡುಮಾತಿನ ವೇಗದಲ್ಲಿ ಎರಡು ಬಾರಿ ಹೇಳಲಿ. ನಡುವೆ ನಿಲ್ಲಿಸಿ ‘ಮುಂದೇನಾಗಬಹುದು’ ಎಂದು ಕೇಳಲಿ. ಮಕ್ಕಳು ಇಬ್ಬಿಬ್ಬರಾಗಿ ಕೂಡಿ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮರಳಿ ಕಟ್ಟಲಿ. ಇಬ್ಬರಿಗೂ ಬೇರೆಬೇರೆಯಾಗಿ ಕೇಳಿದ್ದರೆ ಚರ್ಚಿಸಲಿ. ಉಕ್ತಲೇಖನವನ್ನು ಬಿಡಬೇಕಾಗಿಲ್ಲ, ಪದಪದವನ್ನೂ ಮುರಿದು ಮೂರು ಸಲ ಹೇಳುವ ಬದಲು ಒಂದು ಇಡೀ ವಾಕ್ಯವನ್ನು ಸಹಜವಾಗಿ ಹೇಳಿದರೆ ಅದೇ ಉತ್ತಮ ಶ್ರವಣಪಾಠವಾಗುತ್ತದೆ. ಬೆಳೆ ಬೆಲೆ, ಕತೆ ಕತ್ತೆ ಇಂತಹ ಜೋಡಿಗಳನ್ನು ಆಡಿ, ಯಾವುದೆಂದು ಬೆರಳೆತ್ತಿ ತೋರಿಸುವ ಆಟಕ್ಕೆ ಐದು ನಿಮಿಷ ಸಾಕು. ವಾರಕ್ಕೊಮ್ಮೆ ಊರಿನ ಹಿರಿಯರೊಬ್ಬರನ್ನೋ, ಗಮಕಿಯನ್ನೋ, ಸಂತೆಯ ವ್ಯಾಪಾರ ಬಲ್ಲವರನ್ನೋ ಕರೆತಂದರೆ ಮಕ್ಕಳು ಬೇರೆ ಬೇರೆ ಕಂಠಗಳನ್ನು ಕೇಳುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಬೊಕ್ಕಸದಿಂದ ಒಂದು ರೂಪಾಯಿ ಬೇಕಾಗಿಲ್ಲ.

ಇವೆಲ್ಲಕ್ಕಿಂತಲೂ ಮುಖ್ಯವಾದ ಕರ್ತವ್ಯ ಮತ್ತೊಂದುಂಟು. ‘ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವ ಹಕ್ಕನ್ನು ಮಗುವಿಗೆ ಕೊಡತಕ್ಕದ್ದು. ಹಾಗೆಂದವನನ್ನು ‘ಕಿವುಡನೇ ನೀನು’ ಎಂದು ಗದರಿಸುವ ಪದ್ಧತಿಯು ಇನ್ನಾದರೂ ನಿಲ್ಲತಕ್ಕದ್ದು. ಆ ಮಗುವಿಗೆ ನಿಜವಾಗಿಯೂ ಕಿವಿಯ ದೋಷವಿರಬಹುದು. ವಾಕ್ ಶ್ರವಣಗಳ ಚಿಕಿತ್ಸೆಗೂ ಸಂಶೋಧನೆಗೂ ೧೯೬೦ರ ದಶಕದಿಂದ ಅಖಿಲ ಭಾರತ ಮಟ್ಟದ ಸಂಸ್ಥೆಯೊಂದು ಮೈಸೂರಿನಲ್ಲಿದೆ. ಬೈಗುಳದ ಬದಲು ಪರೀಕ್ಷೆ ನಡೆದರೆ ಮಗುವಿನ ಬಾಳೇ ಬೇರೆಯಾದೀತು. ಮಗುವು ಕೇಳುವುದನ್ನು ಕಲಿಯಬೇಕಾದರೆ ಉಪಾಧ್ಯಾಯರೂ ಮಗುವಿನ ಮಾತನ್ನು ಕೇಳಬೇಕು. ತನ್ನ ಮಾತಿಗೆ ಯಾರೂ ಕಿವಿಗೊಡದ ಕಡೆಯಲ್ಲಿ ತಾನು ಕಿವಿಗೊಡುವುದನ್ನು ಯಾವ ಮಗುವೂ ಕಲಿಯಲಾರದು.

ಮನೆಗಳಿಗೂ ಇದರಲ್ಲಿ ಪಾಲುಂಟು. ಸಂಜೆ ಮಗುವಿನ ಪುಸ್ತಕವನ್ನು ಬಿಚ್ಚಿ ಬರವಣಿಗೆ ದುಂಡಾಗಿದೆಯೇ ಎಂದು ನೋಡುವ ತಂದೆತಾಯಿಗಳು, ‘ಇಂದು ಏನನ್ನು ಕೇಳಿದೆ, ಏನನ್ನು ಕೇಳಿದಿ’ ಎಂದು ವಿಚಾರಿಸಲಿ. ಕಿವಿಗೊಟ್ಟದ್ದು ಯಾವುದು, ಪ್ರಶ್ನಿಸಿದ್ದು ಯಾವುದು ಎಂಬ ಎರಡಕ್ಕೂ ಅದೇ ಮಾತು ಸಲ್ಲುವುದು ಕನ್ನಡದ ಭಾಗ್ಯ. ಊಟವಾದ ಮೇಲೆ ಅರ್ಧಗಂಟೆ ಮನೆಯವರಲ್ಲೊಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವ ವಾಡಿಕೆಯು ಹಿಂದೆ ಎಷ್ಟೋ ಮನೆಗಳಲ್ಲಿತ್ತು. ಅದು ಮತ್ತೆ ಬರಲಿ. ಸಾಹಿತ್ಯಸಂಘಗಳು ಭಾಷಣಸ್ಪರ್ಧೆ, ಪ್ರಬಂಧಸ್ಪರ್ಧೆಗಳಿಗೆ ಬಹುಮಾನವನ್ನು ಕೊಡುತ್ತವೆ. ಒಂದು ಉಪನ್ಯಾಸವನ್ನು ಕೇಳಿ ಅದರ ಸಾರವನ್ನು ತಪ್ಪಿಲ್ಲದೆ ಹೇಳುವ ಹುಡುಗ ಹುಡುಗಿಯರಿಗೆ ಒಂದು ಬಹುಮಾನವನ್ನು ಏತಕ್ಕೆ ಇಡಬಾರದು? ಮಾತನಾಡಬಲ್ಲವರಿಗೆ ಈ ಜಿಲ್ಲೆಯಲ್ಲಿ ಎಂದೂ ಕೊರತೆಯಾಗಿಲ್ಲ.

ವಿದ್ಯಾ ಇಲಾಖೆಯವರು ನಾಲ್ಕು ಕೌಶಲಗಳೆಂದು ಬರೆದಿರುವುದು ನಿಜವಾದರೆ ನಾಲ್ಕಕ್ಕೂ ವೇಳೆಯನ್ನೂ ಅಂಕವನ್ನೂ ಕೊಡಲಿ. ಕೊಡಲಾರರಾದರೆ ‘ಲಿಪಿ ಮತ್ತು ಬರವಣಿಗೆ’ ಎಂದು ಆ ವಿಷಯದ ಹೆಸರನ್ನು ಬದಲಾಯಿಸಲಿ. ಭಾಷೆಯೆಂಬ ಹೆಸರನ್ನಿಟ್ಟುಕೊಂಡು ಭಾಷೆಯನ್ನು ಕೇಳಿಸದೆ ಹತ್ತು ವರ್ಷ ಮಕ್ಕಳನ್ನು ಕೂರಿಸಿ, ಕೊನೆಗೆ ಅವರನ್ನೇ ದಡ್ಡರೆನ್ನುವುದು ಇನ್ನು ಸಾಕು.